ನೆಟ್‌ವರ್ಕ್ ವಾರ್ನಿಂಗ್ ಬಂದ್ರೆ ಫಾರ್ಮ್ಯಾಟ್ ಮಾಡ್ಬೇಡಿ, ಮೊದಲು ಓದಿ

ಈ ಸಲದ ಪಾಠ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಬರುವ ನೆಟ್‌ವರ್ಕ್ ವಾರ್ನಿಂಗ್‌ಗಳ ಬಗ್ಗೆ. ಉಬುಂಟುವನ್ನೇ ಉದಾಹರಣೆಯಾಗಿ ತಗೊಂಡಿದ್ದೇವೆ. ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರ ಹತ್ರ ಇರುವುದು ಅದೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಳೇ ಕಂಪ್ಯೂಟರುಗಳನ್ನ ಒಪ್ಪುವುದಿಲ್ಲ. ಹಾಗಾಗಿ ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳಲ್ಲಿ ಅಣ್ಣನೋ ಅಕ್ಕನೋ ಬಿಟ್ಟು ಹೋದ ಹಳೇ ಡೆಸ್ಕ್‌ಟಾಪಿಗೆ ನಾವೇ ಉಬುಂಟು ಹಾಕಿ ಕೂತಿದ್ದೇವೆ.

ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಒಂದು ದಿನ ಟರ್ಮಿನಲ್‌ನಲ್ಲಿ ನಾಲ್ಕು ಸಾಲು ವಾರ್ನಿಂಗ್ ಬರುತ್ತೆ. ಆಗ ನಾವು ಮಾಡುವುದು ಎರಡರಲ್ಲಿ ಒಂದು. ಒಂದೋ ಎಲ್ಲಿಂದಲೋ ಸಿಕ್ಕಿದ ಕಮಾಂಡನ್ನ ಅರ್ಥ ಆಗದೆ ಅಂಟಿಸುವುದು, ಇಲ್ಲಾಂದ್ರೆ "ಮಾರಾಯ, ಇದು ಹೋಯ್ತು" ಅಂತ ಹೇಳಿ ಇಡೀ ಸಿಸ್ಟಮನ್ನ ಮತ್ತೆ ಇನ್‌ಸ್ಟಾಲ್ ಮಾಡುವುದು.

ಮತ್ತೆ ಇನ್‌ಸ್ಟಾಲ್ ಮಾಡುವುದು ಬೆಂಗಳೂರಿನಲ್ಲಿ ಇರುವವರಿಗೆ ಒಂದು ಗಂಟೆಯ ಕೆಲಸ ಇರಬಹುದು. ನಮಗೆ ಲೆಕ್ಕ ಬೇರೆ. ಉಬುಂಟು 24.04ರ ಡೆಸ್ಕ್‌ಟಾಪ್ ಫೈಲ್ ಸುಮಾರು 6 ಜಿಬಿ ಉಂಟು. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಅದಕ್ಕೆ 4 ದಿನದ ಡಾಟಾ ಪೂರ್ತಿ ಬೇಕು. ಅದೂ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಮನೆ ಆದ್ರೆ ಕೇಳುವುದೇ ಬೇಡ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಮಳೆಗೆ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಈಗ ಫೈಬರ್ ತುಂಬ ಕಡೆ ಬಂದಿದೆ. ಆದ್ರೂ ಒಂದು ಮರ ಬಿದ್ರೆ ಎರಡು ದಿನ ಇಲ್ಲ. ಹಾಗಿರುವಾಗ ಇರುವ ನೆಟ್ಟನ್ನ ಸುಮ್ಮನೆ ಕಳ್ಕೊಳ್ಳುವುದು ಯಾಕೆ? ವಾರ್ನಿಂಗ್ ಓದಲಿಕ್ಕೆ ಬಂದ್ರೆ ಹೆಚ್ಚಿನ ಸಲ 5 ನಿಮಿಷದಲ್ಲಿ ಮುಗಿಯುತ್ತೆ, ಡಾಟಾ ಒಂದು ಎಂಬಿಯೂ ಬೇಡ.

ಓದುವ ಮೊದಲು ಒಂದು ವಿಷಯ. ನೆಟ್ ಹೋದಾಗ ನಮ್ಮ ಊರಲ್ಲಿ ರಿಪೇರಿ ನಡೆಯುವುದು ಫೋನ್ ಕಾಲಿನಲ್ಲಿ. ಡಾಟಾ ಇಲ್ಲದಿದ್ರೂ ಮಾತು ಹೇಗಾದ್ರೂ ಹೋಗುತ್ತೆ. ಹಾಗಾಗಿ ಕಮಾಂಡುಗಳನ್ನ ಇಲ್ಲಿ ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ವಾರ್ನಿಂಗ್ ಬೇರೆ, ಎರರ್ ಬೇರೆ

ಎರರ್ ಅಂದ್ರೆ ಕೆಲಸ ಆಗಲಿಲ್ಲ ಅಂತ. ವಾರ್ನಿಂಗ್ ಅಂದ್ರೆ ಕೆಲಸ ಆಯ್ತು, ಆದ್ರೆ ಒಂದು ಮಾತು ಹೇಳ್ಬೇಕಿತ್ತು ಅಂತ. ತೋಟದ ಪಂಪಿನ ಹಾಗೆ ಯೋಚನೆ ಮಾಡಿ. ಸ್ಟಾರ್ಟರ್ ಟ್ರಿಪ್ ಆಗಿ ನೀರೇ ಬರದಿದ್ರೆ ಅದು ಎರರ್. ನೀರು ಬರ್ತಾ ಉಂಟು, ಆದ್ರೆ ಗ್ಲ್ಯಾಂಡಿನಿಂದ ಸ್ವಲ್ಪ ಹನಿ ಬೀಳ್ತಾ ಉಂಟು ಅಂದ್ರೆ ಅದು ವಾರ್ನಿಂಗ್. ಹನಿ ಬಿತ್ತು ಅಂತ ಯಾರೂ ಹೊಸ ಬಾವಿ ತೋಡುವುದಿಲ್ಲ. ಹಾಗಂತ ವರ್ಷವಿಡೀ ಬಿಟ್ರೂ ಆಗುವುದಿಲ್ಲ.

ಯಾವುದು ಯಾವುದು ಅಂತ ಗೊತ್ತಾಗಲಿಕ್ಕೆ ಒಂದು ಸುಲಭದ ದಾರಿ ಉಂಟು. ಕಮಾಂಡ್ ಓಡಿಸಿದ ಕೂಡಲೇ "ಎಕೋ, ಸ್ಪೇಸ್, ಡಾಲರ್ ಚಿಹ್ನೆ, ಪ್ರಶ್ನೆ ಚಿಹ್ನೆ" ಅಂತ ಹಾಕಿ ಎಂಟರ್ ಒತ್ತಿ. 0 ಬಂದ್ರೆ ಹಿಂದಿನ ಕಮಾಂಡ್ ತನ್ನ ಲೆಕ್ಕದಲ್ಲಿ ಸರಿಯಾಗಿ ಮುಗಿದಿದೆ. ಬೇರೆ ಸಂಖ್ಯೆ ಬಂದ್ರೆ ಎಲ್ಲೋ ಸೋತಿದೆ. ಹತ್ತು ಸಾಲು ವಾರ್ನಿಂಗ್ ಬಂದು ಕೊನೆಗೆ 0 ಇದ್ರೆ ಅರ್ಧ ಹೆದರಿಕೆ ಅಲ್ಲಿಗೇ ಹೋಗುತ್ತೆ.

ಯಾರ ಕೆಲಸ ಯಾವುದು

ವಾರ್ನಿಂಗ್ ಯಾರು ಕೊಟ್ಟದ್ದು ಅಂತ ಗೊತ್ತಿಲ್ಲದೆ ರಿಪೇರಿ ಮಾಡ್ಲಿಕ್ಕೆ ಹೊರಟ್ರೆ ತಲೆನೋವಿಗೆ ಕಾಲಿಗೆ ಎಣ್ಣೆ ಹಚ್ಚಿದ ಹಾಗೆ. ಉಬುಂಟು ಡೆಸ್ಕ್‌ಟಾಪಿನಲ್ಲಿ ಮೂರು ಜನ ಕೆಲಸಗಾರರು ಇದ್ದಾರೆ ಅಂತ ತಿಳ್ಕೊಳ್ಳಿ.

ಒಂದನೆಯವ ನೆಟ್‌ಪ್ಲಾನ್. 2017ರ ಅಕ್ಟೋಬರಿನ 17.10 ಆವೃತ್ತಿಯಿಂದ ಉಬುಂಟು ಇದನ್ನ ಡಿಫಾಲ್ಟ್ ಮಾಡಿತು. ಇವ ಮನೆಯ ನಕ್ಷೆ ಬರೆಯುವ ಎಂಜಿನಿಯರ್ ಇದ್ದ ಹಾಗೆ. ಯಾಮಲ್ ಅಂತ ಕರೆಯುವ ಫೈಲುಗಳನ್ನ ಓದಿ, ಯಾವ ಕಾರ್ಡಿಗೆ ಯಾವ ಐಪಿ, ಯಾವ ದಾರಿ ಅಂತ ಪ್ಲಾನ್ ಮಾಡಿ ಕೊಡ್ತಾನೆ. ತಾನೇ ಕಲ್ಲು ಇಡುವುದಿಲ್ಲ.

ಎರಡನೆಯವ ಮೇಸ್ತ್ರಿ. ನಕ್ಷೆ ನೋಡಿ ನಿಜವಾಗಿ ಕೆಲಸ ಮಾಡುವವ. ಡೆಸ್ಕ್‌ಟಾಪಿನಲ್ಲಿ ಈ ಮೇಸ್ತ್ರಿಯ ಹೆಸರು ನೆಟ್‌ವರ್ಕ್‌ಮ್ಯಾನೇಜರ್. ಮೇಲೆ ಬಲಗಡೆ ಮೂಲೆಯಲ್ಲಿ ಕಾಣುವ ವೈಫೈ ಐಕಾನ್ ಅವನದ್ದೇ. ಸರ್ವರಿನಲ್ಲಿ ಬೇರೆ ಮೇಸ್ತ್ರಿ, ಹೆಸರು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ.

ಮೂರನೆಯವ ವಿಳಾಸ ಹುಡುಕಿ ಕೊಡುವವ, ಸಿಸ್ಟಮ್‌ಡಿ-ರಿಸಾಲ್ವ್‌ಡಿ. ವೆಬ್‌ಸೈಟಿನ ಹೆಸರು ಕೊಟ್ರೆ ಅದರ ಐಪಿ ನಂಬರ್ ತಂದು ಕೊಡುವುದು ಇವನ ಕೆಲಸ. ಇದೇ ಡಿಎನ್‌ಎಸ್. ನಿಮ್ಮ ಡಿಎನ್‌ಎಸ್ ಸೆಟ್ಟಿಂಗಿನಲ್ಲಿ 127.0.0.53 ಅಂತ ಕಂಡ್ರೆ ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಗಾಬರಿ ಆಗ್ಬೇಡಿ. ಅದು ಇವನೇ, ನಿಮ್ಮ ಕಂಪ್ಯೂಟರಿನ ಒಳಗೇ ಕೂತಿದ್ದಾನೆ.

ಈಗ ನಾವು ಹೆಚ್ಚು ನೋಡುವ ಮೂರು ವಾರ್ನಿಂಗ್‌ಗಳಿಗೆ ಬರುವ. "ಸುಡೊ ನೆಟ್‌ಪ್ಲಾನ್ ಅಪ್ಲೈ" ಅಂತ ಕೊಟ್ಟಾಗ ಇವು ಬರುತ್ತವೆ. ಮೂರೂ ಒಟ್ಟಿಗೆ ಬಂದ್ರೂ ಮೂರರ ತೂಕ ಒಂದೇ ಅಲ್ಲ.

ಮೊದಲನೆಯದು: "ಪರ್ಮಿಷನ್ಸ್ ಆರ್ ಟೂ ಓಪನ್"

ಇದರ ಅರ್ಥ ಇಷ್ಟೇ: ನಿಮ್ಮ ನೆಟ್‌ಪ್ಲಾನ್ ಫೈಲನ್ನ ಈ ಕಂಪ್ಯೂಟರಿನಲ್ಲಿ ಲಾಗಿನ್ ಇರುವ ಯಾರು ಬೇಕಾದ್ರೂ ಓದಬಹುದು, ಹಾಗೆ ಇರಬಾರದು.

ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಮೂರು ಅಂಕೆಯ ಪರ್ಮಿಷನ್ ಇರುತ್ತೆ. ಮೊದಲ ಅಂಕೆ ಫೈಲಿನ ಯಜಮಾನನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದಲಿಕ್ಕೆ 4, ಬರೆಯಲಿಕ್ಕೆ 2, ಓಡಿಸಲಿಕ್ಕೆ 1. ಬೇಕಾದ್ದನ್ನ ಕೂಡಿಸುವುದು. 644 ಅಂದ್ರೆ ಯಜಮಾನ ಓದಬಹುದು ಬರೆಯಬಹುದು, ಉಳಿದವರು ಓದಬಹುದು. 600 ಅಂದ್ರೆ ಯಜಮಾನನಿಗೆ ಮಾತ್ರ, ಉಳಿದವರಿಗೆ ಏನೂ ಇಲ್ಲ. ನೆಟ್‌ಪ್ಲಾನ್ ಫೈಲಿನ ಯಜಮಾನ ರೂಟ್. ನೆಟ್‌ಪ್ಲಾನ್ ಕೂಡ ರೂಟ್ ಆಗಿಯೇ ಓಡುತ್ತೆ. ಹಾಗಾಗಿ 600 ಮಾಡಿದ್ರೆ ಅದಕ್ಕೆ ತೊಂದರೆ ಏನೂ ಇಲ್ಲ.

ಯಾಕೆ ಇಷ್ಟು ಬಿಗಿ? ಯಾಕಂದ್ರೆ ಆ ಫೈಲಿನಲ್ಲಿ ವೈಫೈ ಪಾಸ್‌ವರ್ಡ್ ಇರಬಹುದು, ಅದೂ ಓದಿದ್ರೆ ಗೊತ್ತಾಗುವ ಹಾಗೆ. 23.10 ಆವೃತ್ತಿಯಿಂದ ನೀವು ಐಕಾನ್ ಒತ್ತಿ ಸೇರಿಸಿದ ವೈಫೈ ಕನೆಕ್ಷನ್ನುಗಳೂ ನೆಟ್‌ಪ್ಲಾನ್ ಫೋಲ್ಡರಿನಲ್ಲೇ ಉಳಿಯುತ್ತವೆ. ಫೈಲಿನ ಹೆಸರು "90-ಎನ್‌ಎಂ" ಅಂತ ಶುರು ಆಗುತ್ತೆ. ನೆಟ್‌ವರ್ಕ್‌ಮ್ಯಾನೇಜರ್ ತಾನೇ ಮಾಡಿದ ಈ ಫೈಲನ್ನ ಸರಿಯಾಗಿ ಮುಚ್ಚಿಯೇ ಇಡುತ್ತೆ. ವಾರ್ನಿಂಗ್ ಬರುವುದು ಹೆಚ್ಚಾಗಿ 22.04ರಿಂದ ಉಳಿದು ಬಂದ ಹಳೇ ಫೈಲಿಗೆ, ಇಲ್ಲಾಂದ್ರೆ ನಾವು ಕೈಯಾರೆ ಬರೆದ ಫೈಲಿಗೆ. ಹಳೇ ಫೈಲಿನಲ್ಲಿ ಗುಟ್ಟು ಏನೂ ಇಲ್ಲದೆ ಇರಬಹುದು. ಆದ್ರೆ ಒಳಗೆ ಎಂತ ಉಂಟು ಅಂತ ನೋಡಿ ನೋಡಿ ನೆಟ್‌ಪ್ಲಾನ್ ಹೇಳುವುದಿಲ್ಲ. ಎಲ್ಲದಕ್ಕೂ ಒಂದೇ ನಿಯಮ.

ಸರಿ ಮಾಡುವುದು ಹೀಗೆ. ಮೊದಲು ನೋಡಿ: "ಎಲ್‌ಎಸ್, ಹೈಫನ್ ಎಲ್, ಸ್ಲ್ಯಾಶ್ ಈಟಿಸಿ ಸ್ಲ್ಯಾಶ್ ನೆಟ್‌ಪ್ಲಾನ್". ಆಮೇಲೆ: "ಸುಡೊ ಸಿಎಚ್‌ಮಾಡ್ 600, ಸ್ಪೇಸ್, ಸ್ಲ್ಯಾಶ್ ಈಟಿಸಿ ಸ್ಲ್ಯಾಶ್ ನೆಟ್‌ಪ್ಲಾನ್ ಸ್ಲ್ಯಾಶ್ ಸ್ಟಾರ್ ಡಾಟ್ ವೈ-ಎ-ಎಂ-ಎಲ್". ಆಯ್ತು, ಇನ್ನು ಆ ಸಾಲು ಬರುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಪರ್ಮಿಷನ್ ಅನ್ನುವ ಶಬ್ದ ಕಂಡ ಕೂಡಲೇ 777 ಕೊಡುವ ಅಭ್ಯಾಸ ನಮ್ಮಲ್ಲಿ ತುಂಬ ಜನರಿಗೆ ಉಂಟು. ಇಲ್ಲಿ ಅದು ಪೂರ್ತಿ ಉಲ್ಟಾ. ಬಾಗಿಲು ಅರ್ಧ ತೆರೆದಿದೆ ಅಂತ ಹೇಳಿದ್ದಕ್ಕೆ ಬಾಗಿಲನ್ನೇ ಕಳಚಿ ಇಟ್ಟ ಹಾಗೆ. 777 ಇದ್ರೆ ಅದೇ ಕಂಪ್ಯೂಟರಿನಲ್ಲಿ ಕೂರುವ ಇನ್ನೊಬ್ಬ ನಿಮ್ಮ ಪಾಸ್‌ವರ್ಡ್ ಓದಬಹುದು ಮಾತ್ರ ಅಲ್ಲ, ಫೈಲನ್ನ ತಿದ್ದಬಹುದು. ಡಿಎನ್‌ಎಸ್ ಸಾಲು ಬದಲಿಸಿ ನೀವು ಟೈಪ್ ಮಾಡಿದ ಹೆಸರಿಗೆ ತನಗೆ ಬೇಕಾದ ವಿಳಾಸ ಬರುವ ಹಾಗೆ ಮಾಡಬಹುದು. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿನಲ್ಲಿ ಇದು ದೊಡ್ಡದು ಅನಿಸದೆ ಇರಬಹುದು. ಲ್ಯಾಬಿನಲ್ಲಿ, ಹಾಸ್ಟೆಲಿನಲ್ಲಿ, ಊರಿನ ಶಾಲೆಗೆ ನಾವು ಸೆಟಪ್ ಮಾಡಿ ಕೊಟ್ಟ ಕಂಪ್ಯೂಟರಿನಲ್ಲಿ ದೊಡ್ಡದೇ. ವೈಫೈ ಪಾಸ್‌ವರ್ಡನ್ನೇ ಇನ್ನೂ ನಾಲ್ಕು ಕಡೆ ಇಟ್ಟವರು ನಮ್ಮಲ್ಲಿ ಕಡಿಮೆ ಏನಿಲ್ಲ.

ಎರಡನೆಯದು: "ಗೇಟ್‌ವೇ4 ಡೆಪ್ರಿಕೇಟೆಡ್"

ಡೆಪ್ರಿಕೇಟೆಡ್ ಅಂದ್ರೆ "ಈಗ ನಡೆಯುತ್ತೆ, ಮುಂದೆ ನಡೆಯುತ್ತೆ ಅಂತ ನಂಬಬೇಡಿ". ಹಳೇ ನೋಟಿಗೆ ಕೊನೇ ದಿನಾಂಕ ಕೊಟ್ಟ ಹಾಗೆ. ಮಿನಿ ಪ್ರಾಜೆಕ್ಟಿಗೆ ಅಂತ ಹಳೇ ಟ್ಯುಟೋರಿಯಲ್ ನೋಡಿ ಸ್ಟ್ಯಾಟಿಕ್ ಐಪಿ ಕೊಟ್ಟವರಿಗೆ ಇದು ಬರುತ್ತೆ.

ಹಳೇ ಕ್ರಮದಲ್ಲಿ ಒಂದೇ ಸಾಲು: ಗೇಟ್‌ವೇ4, ಕೋಲನ್, ಸ್ಪೇಸ್, 192.168.1.1. ಹೊಸ ಕ್ರಮದಲ್ಲಿ ಮೂರು ಸಾಲು. ಮೊದಲು "ರೂಟ್ಸ್" ಮತ್ತು ಕೋಲನ್. ಅದರ ಕೆಳಗೆ ಎರಡು ಸ್ಪೇಸ್ ಒಳಗೆ, ಹೈಫನ್, ಒಂದು ಸ್ಪೇಸ್, "ಟು: ಡಿಫಾಲ್ಟ್". ಅದರ ಕೆಳಗೆ ಆ "ಟು" ಶಬ್ದದ ನೇರಕ್ಕೆ "ವಯಾ: 192.168.1.1". ಕೋಲನ್ ಆದ ಮೇಲೆ ಒಂದು ಸ್ಪೇಸ್ ಬೇಕೇ ಬೇಕು. ಟ್ಯಾಬ್ ಒತ್ತಬಾರದು, ಯಾಮಲ್‌ಗೆ ಟ್ಯಾಬ್ ಆಗುವುದಿಲ್ಲ. ಟ್ಯಾಬ್ ಹಾಕಿದ್ರೆ ವಾರ್ನಿಂಗ್ ಹೋಗಿ ಎರರ್ ಬರುತ್ತೆ.

ಒಂದು ಸಾಲಿನ ಕೆಲಸಕ್ಕೆ ಮೂರು ಸಾಲು ಯಾಕೆ ಅಂತ ಕೇಳಬಹುದು. ಗೇಟ್‌ವೇ ಅಂದ್ರೆ ಊರಿನಿಂದ ಹೊರಗೆ ಹೋಗುವ ದಾರಿ. ಕಡಬದ ಕಡೆಯವರಿಗೆ ಬೆಂಗಳೂರಿಗೆ ಶಿರಾಡಿ ಘಾಟಿಯೂ ಉಂಟು, ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿಯೂ ಉಂಟು. "ದಾರಿ ಇದು" ಅಂತ ಮಾತ್ರ ಹೇಳಿದ್ರೆ ಸಾಲದು. ಯಾವುದು ಮೊದಲು, ಅದು ಬಂದ್ ಆದ್ರೆ ಯಾವುದು ಅಂತಲೂ ಹೇಳಬೇಕಾಗುತ್ತೆ. ಕಂಪ್ಯೂಟರಿಗೂ ಹಾಗೇ, ಕೇಬಲ್ಲಿನಲ್ಲಿ ಒಂದು ದಾರಿ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇನ್ನೊಂದು. "ರೂಟ್ಸ್" ಕೆಳಗೆ ಪ್ರತಿ ದಾರಿಗೂ ಮೆಟ್ರಿಕ್ ಅಂತ ಒಂದು ಸಂಖ್ಯೆ ಕೊಡಲಿಕ್ಕೆ ಜಾಗ ಉಂಟು. ಗೇಟ್‌ವೇ4 ಸಾಲಿನಲ್ಲಿ ಅದಕ್ಕೆ ಜಾಗ ಇಲ್ಲ. ಎರಡು ಕಾರ್ಡಿಗೆ ಎರಡು ಗೇಟ್‌ವೇ4 ಬರೆದಿಟ್ರೆ ನೆಟ್‌ಪ್ಲಾನ್ "ಕಾನ್‌ಫ್ಲಿಕ್ಟಿಂಗ್ ಡಿಫಾಲ್ಟ್ ರೂಟ್" ಅಂತ ಇನ್ನೊಂದು ಗಲಾಟೆ ಮಾಡುತ್ತೆ.

ಡೆಸ್ಕ್‌ಟಾಪಿನಲ್ಲಿ ಸ್ಟ್ಯಾಟಿಕ್ ಐಪಿ ಮಾತ್ರ ಬೇಕಿದ್ರೆ ಯಾಮಲ್ ಮುಟ್ಟುವ ಅಗತ್ಯವೇ ಇಲ್ಲ. ಸೆಟ್ಟಿಂಗ್ಸಿನಲ್ಲಿ ಆ ಕನೆಕ್ಷನ್ನಿನ ಐಪಿವಿ4 ಪುಟಕ್ಕೆ ಹೋಗಿ ಮ್ಯಾನ್ಯುಯಲ್ ಆರಿಸಿದ್ರೆ ಸಾಕು.

ಮೂರನೆಯದು: "ಕೆನಾಟ್ ಕಾಲ್ ಓಪನ್ ವಿಸ್ವಿಚ್"

ಹೆಸರು ಕೇಳಿದ್ರೆ ದೊಡ್ಡ ಸಮಸ್ಯೆಯ ಹಾಗೆ ಕಾಣುತ್ತೆ. ನಿಜಕ್ಕೂ ನಮಗೆ ಸಂಬಂಧವೇ ಇಲ್ಲ. ಓಪನ್ ವಿಸ್ವಿಚ್ ಅಂದ್ರೆ ಸಾಫ್ಟ್‌ವೇರಿನಲ್ಲೇ ಮಾಡಿದ ನೆಟ್‌ವರ್ಕ್ ಸ್ವಿಚ್. ಒಂದು ದೊಡ್ಡ ಸರ್ವರಿನೊಳಗೆ ಹತ್ತಾರು ವರ್ಚುವಲ್ ಮಷೀನ್ ಓಡಿಸುವವರಿಗೆ ಬೇಕಾದ್ದು. ನೆಟ್‌ಪ್ಲಾನ್ ಅದು ಉಂಟಾ ಅಂತ ಒಮ್ಮೆ ಕೇಳಿ ನೋಡುತ್ತೆ, ಇಲ್ಲ ಅಂತ ಗೊತ್ತಾದಾಗ ಹೀಗೆ ಹೇಳುತ್ತೆ. ಮನೆಯ ಡೆಸ್ಕ್‌ಟಾಪಿನಲ್ಲಿ ಇದನ್ನ ಹಾಗೇ ಬಿಡಿ. ವಾರ್ನಿಂಗ್ ನಿಲ್ಲಿಸಲಿಕ್ಕೆ ಅಂತ ಓಪನ್ ವಿಸ್ವಿಚ್ ಇನ್‌ಸ್ಟಾಲ್ ಮಾಡುವುದು, ಪಕ್ಕದ ಮನೆಯವರು ಟ್ರ್ಯಾಕ್ಟರ್ ಉಂಟಾ ಅಂತ ಕೇಳಿದ್ರು ಅಂತ ಟ್ರ್ಯಾಕ್ಟರ್ ತಗೊಂಡ ಹಾಗೆ.

ಒಟ್ಟಿನಲ್ಲಿ ಒಂದನೆಯದನ್ನ ಈಗಲೇ ಸರಿ ಮಾಡಿ, ಎರಡನೆಯದನ್ನ ಬಿಡುವಾದಾಗ ಮಾಡಿ, ಮೂರನೆಯದನ್ನ ಬಿಟ್ಟುಬಿಡಿ.

ಬದಲಾವಣೆ ಮಾಡುವಾಗ ಜಾಗ್ರತೆ

ನೆಟ್‌ವರ್ಕ್ ಫೈಲ್ ತಿದ್ದುವಾಗ ಒಂದು ತಮಾಷೆ ಉಂಟು. ತಿದ್ದಿದ್ದು ತಪ್ಪಾದ್ರೆ ನೆಟ್ ಹೋಗುತ್ತೆ, ನೆಟ್ ಹೋದ್ರೆ ಸರಿ ಮಾಡುವುದು ಹೇಗೆ ಅಂತ ಹುಡುಕಲಿಕ್ಕೂ ಆಗುವುದಿಲ್ಲ. ನಾಳೆ ಇಂಟರ್ನಲ್ಸ್, ಇವತ್ತು ರಾತ್ರಿ 11 ಗಂಟೆಗೆ ಅಸೈನ್‌ಮೆಂಟ್ ಅಪ್‌ಲೋಡ್ ಬಾಕಿ ಇರುವಾಗ ಇದು ತಮಾಷೆಯೂ ಅಲ್ಲ. ಅದಕ್ಕೆ ಮೂರು ಅಭ್ಯಾಸ ಇಟ್ಕೊಳ್ಳಿ.

ಒಂದು, ಮೊದಲು ಕಾಪಿ ತೆಗೆದಿಡಿ. ಆದ್ರೆ ಕಾಪಿಯನ್ನ ಅದೇ ಫೋಲ್ಡರಿನಲ್ಲಿ ಯಾಮಲ್ ಅಂತಲೇ ಇಡಬೇಡಿ. ನೆಟ್‌ಪ್ಲಾನ್ ಆ ಫೋಲ್ಡರಿನ ಎಲ್ಲ ಯಾಮಲ್ ಫೈಲುಗಳನ್ನೂ ಹೆಸರಿನ ಕ್ರಮದಲ್ಲಿ ಓದುತ್ತೆ. ಒಂದೇ ಸೆಟ್ಟಿಂಗ್ ಎರಡರಲ್ಲೂ ಇದ್ರೆ ಕೊನೆಗೆ ಓದಿದ್ದೇ ನಿಲ್ಲುತ್ತೆ. ಬ್ಯಾಕಪ್ಪಿನ ಹಳೇ ಸಾಲು ನಿಮ್ಮ ಹೊಸ ಸಾಲನ್ನ ತಿಂದು ಹಾಕಬಹುದು. ಹೋಮ್ ಫೋಲ್ಡರಿನಲ್ಲಿ ಇಡಿ.

ಎರಡು, "ಅಪ್ಲೈ" ಬದಲು "ಸುಡೊ ನೆಟ್‌ಪ್ಲಾನ್ ಟ್ರೈ" ಕೊಡಿ. ಇದು ಹೊಸ ಸೆಟ್ಟಿಂಗ್ ಹಾಕಿ 120 ಸೆಕೆಂಡ್ ಕಾಯುತ್ತೆ. ಎಲ್ಲ ಸರಿ ಇದ್ರೆ ನೀವು ಎಂಟರ್ ಒತ್ತಬೇಕು. ಒತ್ತದಿದ್ರೆ ತಾನಾಗಿಯೇ ಹಳೇ ಸೆಟ್ಟಿಂಗಿಗೆ ವಾಪಸ್ ಹೋಗುತ್ತೆ.

ಮೂರು, ಸರ್ವರಿಗೆ ಬರೆದ ಫೈಲನ್ನ ಡೆಸ್ಕ್‌ಟಾಪಿಗೆ ಹಾಗೇ ಅಂಟಿಸಬೇಡಿ. ಅದರಲ್ಲಿ "ರೆಂಡರರ್: ನೆಟ್‌ವರ್ಕ್‌ಡಿ" ಅಂತ ಒಂದು ಸಾಲು ಇರುತ್ತೆ. ಅಂದ್ರೆ ಮೇಸ್ತ್ರಿಯನ್ನೇ ಬದಲಿಸಿದ ಹಾಗೆ. ಆಮೇಲೆ ಸೆಟ್ಟಿಂಗ್ಸಿನಲ್ಲಿ ಕನೆಕ್ಷನ್ ಕಾಣುವುದಿಲ್ಲ, "ಎನ್‌ಎಂಸಿಎಲ್‌ಐ ಡಿವೈಸ್" ಕೊಟ್ರೆ ಕಾರ್ಡಿನ ಎದುರು "ಅನ್‌ಮ್ಯಾನೇಜ್ಡ್" ಅಂತ ಬರುತ್ತೆ. ಕೇಬಲ್ ಹಾಕದೆ ಬೂಟ್ ಮಾಡಿದ್ರೆ ಎರಡು ನಿಮಿಷ ಸುಮ್ಮನೆ ಕಾಯುವುದೂ ಉಂಟು, ಯಾಕಂದ್ರೆ ಹೊಸ ಮೇಸ್ತ್ರಿ ನೆಟ್ ಬರಲಿ ಅಂತ ಕೂತಿರ್ತಾನೆ. ಡೆಸ್ಕ್‌ಟಾಪಿನಲ್ಲಿ ಆ ಸಾಲು "ರೆಂಡರರ್: ನೆಟ್‌ವರ್ಕ್‌ಮ್ಯಾನೇಜರ್" ಅಂತ ಇರಬೇಕು. ಇಲ್ಲಿ ಮಾತ್ರ ಎನ್ ಮತ್ತು ಎಂ ದೊಡ್ಡ ಅಕ್ಷರ.

ವಾರ್ನಿಂಗ್ ಇಲ್ಲ, ಆದ್ರೆ ಐಕಾನಿನಲ್ಲಿ ಪ್ರಶ್ನೆ ಚಿಹ್ನೆ

ಇದು ಮಳೆಗಾಲದ ವಾರ್ನಿಂಗ್. ಕನೆಕ್ಟೆಡ್ ಅಂತ ತೋರಿಸುತ್ತೆ, ಒಂದು ಪೇಜೂ ತೆರೆಯುವುದಿಲ್ಲ. ಉಬುಂಟು ಆಗಾಗ ತನ್ನ ಒಂದು ಸರ್ವರನ್ನ ಮಾತಾಡಿಸಿ ನೋಡ್ತಾ ಇರುತ್ತೆ. ಉತ್ತರ ಬರದಿದ್ರೆ ಐಕಾನಿಗೆ ಪ್ರಶ್ನೆ ಚಿಹ್ನೆ ಹಾಕುತ್ತೆ. ಅಂದ್ರೆ "ರೂಟರಿನವರೆಗೆ ದಾರಿ ಉಂಟು, ಆಚೆ ಉಂಟಾ ಅಂತ ಗೊತ್ತಿಲ್ಲ" ಅಂತ. ಈಗ ಹತ್ತಿರದಿಂದ ದೂರಕ್ಕೆ ಒಂದೊಂದೇ ಮೆಟ್ಟಿಲು ನೋಡ್ತಾ ಹೋಗುವುದು. ಕ್ರಮ ತಪ್ಪಿಸಬಾರದು.

ಮೆಟ್ಟಿಲು 1: ಕೇಬಲ್ ಜೀವ ಉಂಟಾ? "ಐಪಿ ಲಿಂಕ್" ಕೊಡಿ. ನಿಮ್ಮ ಕಾರ್ಡಿನ ಸಾಲಿನಲ್ಲಿ "ನೋ-ಕ್ಯಾರಿಯರ್" ಅಂತ ಇದ್ರೆ ಸೆಟ್ಟಿಂಗ್ ನೋಡಿ ಪ್ರಯೋಜನ ಇಲ್ಲ. ಕೇಬಲ್ ತೆಗೆದು ಹಾಕಿ, ಬೇರೆ ಕೇಬಲ್ ಹಾಕಿ, ರೂಟರಿನ ಬೇರೆ ಪೋರ್ಟಿಗೆ ಹಾಕಿ. ನಮ್ಮ ಊರಿನ ಸಿಡಿಲಿಗೆ ಲ್ಯಾನ್ ಪೋರ್ಟ್ ಮಾತ್ರ ಸತ್ತು ಉಳಿದದ್ದೆಲ್ಲ ಚೆನ್ನಾಗಿ ಇರುವ ಕಂಪ್ಯೂಟರುಗಳು ಇವೆ. ಹಾಗಾದಾಗ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಗೊಂಡ್ರೆ ಆಯ್ತು. ಗುಡುಗು ಶುರು ಆದ್ರೆ ಕರೆಂಟಿನ ಪ್ಲಗ್ ಮಾತ್ರ ತೆಗೆದ್ರೆ ಸಾಲದು, ಲ್ಯಾನ್ ಕೇಬಲನ್ನೂ ತೆಗೆಯಬೇಕು.

ಮೆಟ್ಟಿಲು 2: ಐಪಿ ಸಿಕ್ಕಿದೆಯಾ? "ಐಪಿ ಎ" ಕೊಡಿ. 192.168 ಅಥವಾ 10 ಅಂತ ಶುರು ಆದ್ರೆ ರೂಟರ್ ಕೊಟ್ಟಿದೆ. 169.254 ಅಂತ ಶುರು ಆದ್ರೆ ಯಾರೂ ಕೊಡಲಿಲ್ಲ ಅಂತ ಕಂಪ್ಯೂಟರ್ ತಾನೇ ಒಂದು ಇಟ್ಕೊಂಡಿದೆ. ರೂಟರನ್ನ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಮೆಟ್ಟಿಲು 3: ದಾರಿ ಯಾವ ಕಡೆ? "ಐಪಿ ರೂಟ್" ಕೊಡಿ. "ಡಿಫಾಲ್ಟ್ ವಯಾ" ಅಂತ ಶುರು ಆಗುವ ಸಾಲು ನೋಡಿ, ಕೊನೆಯಲ್ಲಿ ಮೆಟ್ರಿಕ್ ಇರುತ್ತೆ. ಕಡಿಮೆ ಮೆಟ್ರಿಕ್ ಇರುವ ದಾರಿಯಲ್ಲೇ ಎಲ್ಲ ಹೋಗುವುದು. ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಕೇಬಲ್ಲಿಗೆ 100, ವೈಫೈಗೆ 600 ಕೊಡುತ್ತೆ. ಇಲ್ಲೊಂದು ಚಂದದ ವಿಷಯ ಉಂಟು. ಕೇಬಲ್ ರೂಟರಿಗೆ ಸರಿಯಾಗಿ ತಾಗಿದೆ, ಆದ್ರೆ ಹೊರಗೆ ಫೈಬರ್ ಕಡಿದಿದೆ ಅಂತ ಇಟ್ಕೊಳ್ಳಿ. ಮೊದಲು ಹೇಳಿದ ಪರೀಕ್ಷೆ ಸೋತ ಕೂಡಲೇ ನೆಟ್‌ವರ್ಕ್‌ಮ್ಯಾನೇಜರ್ ಆ ದಾರಿಯ ಮೆಟ್ರಿಕ್ಕಿಗೆ 20000 ಕೂಡಿಸುತ್ತೆ. ಅಂದ್ರೆ 100 ಇದ್ದದ್ದು 20100 ಆಗುತ್ತೆ. ಆಗ 600ರ ಮೊಬೈಲ್ ಹಾಟ್‌ಸ್ಪಾಟ್ ತಾನಾಗಿ ಮುಂದೆ ಬರುತ್ತೆ. 20100 ಅಂತ ಕಂಡ್ರೆ ನಿಮ್ಮ ಕಂಪ್ಯೂಟರ್ ಸರಿ ಉಂಟು, ರೂಟರಿನ ಆಚೆ ಹಾಳಾಗಿರುವ ಸಾಧ್ಯತೆಯೇ ಹೆಚ್ಚು ಅಂತ ಅರ್ಥ. ಫಾರ್ಮ್ಯಾಟ್ ಮಾಡಿದ್ರೂ ಫೈಬರ್ ಕೂಡುವುದಿಲ್ಲ.

ಮೆಟ್ಟಿಲು 4: ರೂಟರ್ ಮಾತಾಡ್ತದಾ? ಮೇಲಿನ ಸಾಲಿನಲ್ಲಿ "ವಯಾ" ಆದ ಮೇಲೆ ಇರುವ ನಂಬರಿಗೆ ಪಿಂಗ್ ಮಾಡಿ. "ಪಿಂಗ್, ಹೈಫನ್ ಸಿ, 4" ಅಂತ ಕೊಟ್ರೆ ನಾಲ್ಕೇ ಸಲ ಕೇಳಿ ನಿಲ್ಲುತ್ತೆ.

ಮೆಟ್ಟಿಲು 5: ಆಚೆ ಲೋಕ ಉಂಟಾ? 1.1.1.1 ಅಥವಾ 8.8.8.8ಕ್ಕೆ ಪಿಂಗ್ ಮಾಡಿ. ರೂಟರ್ ಉತ್ತರ ಕೊಡುತ್ತೆ, ಇದು ಎರಡೂ ಕೊಡುವುದಿಲ್ಲ ಅಂದ್ರೆ ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡುವ ಸಮಯ. "ರೂಟರಿನವರೆಗೆ ಪಿಂಗ್ ಹೋಗ್ತದೆ, ಆಚೆ ಹೋಗುವುದಿಲ್ಲ" ಅಂತ ಹೇಳಿ. "ನೆಟ್ ಇಲ್ಲ" ಅಂತ ಹೇಳುವುದಕ್ಕಿಂತ ಇದರಲ್ಲಿ ಕೆಲಸ ಬೇಗ ಆಗುತ್ತೆ.

ಮೆಟ್ಟಿಲು 6: ಹೆಸರು ಸಿಗ್ತದಾ? ನಂಬರಿಗೆ ಪಿಂಗ್ ಹೋಗ್ತದೆ, ಹೆಸರಿಗೆ ಕೊಟ್ರೆ "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್" ಅಂತ ಬರ್ತದೆ ಅಂದ್ರೆ ಡಿಎನ್‌ಎಸ್ ಮಾತ್ರ ಕೆಟ್ಟಿದೆ. "ರಿಸಾಲ್ವ್‌ಸಿಟಿಎಲ್ ಸ್ಟೇಟಸ್" ಕೊಟ್ಟು ಯಾವ ಡಿಎನ್‌ಎಸ್ ಸರ್ವರ್ ಉಂಟು ಅಂತ ನೋಡಿ. ಸೆಟ್ಟಿಂಗ್ಸಿನ ಐಪಿವಿ4 ಪುಟದಲ್ಲಿ ಡಿಎನ್‌ಎಸ್ಸಿನ ಆಟೊಮ್ಯಾಟಿಕ್ ತೆಗೆದು 1.1.1.1 ಹಾಕಿ, ಕನೆಕ್ಷನ್ ಒಮ್ಮೆ ಆಫ್ ಆನ್ ಮಾಡಿ.

ಮೆಟ್ಟಿಲು 7: ಗಡಿಯಾರ ಸರಿ ಉಂಟಾ? ಇದನ್ನ ಯಾರೂ ನೋಡುವುದಿಲ್ಲ. ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗ ತಾರೀಕು ಎಷ್ಟೋ ವರ್ಷ ಹಿಂದೆ ಹೋಗಿರುತ್ತೆ. ಪಿಂಗ್ ಎಲ್ಲ ಸರಿ ಬರುತ್ತೆ, ಬ್ರೌಸರ್ ಮಾತ್ರ "ಈ ಸೈಟ್ ಸುರಕ್ಷಿತ ಅಲ್ಲ" ಅಂತ ಹೇಳುತ್ತೆ. ಯಾಕಂದ್ರೆ ಸೈಟುಗಳ ಸರ್ಟಿಫಿಕೇಟಿಗೆ ಶುರು ಮತ್ತು ಕೊನೆಯ ದಿನಾಂಕ ಇರುತ್ತೆ, ನಿಮ್ಮ ತಾರೀಕು ಅದರ ಹೊರಗೆ ಉಂಟು. ತಾರೀಕು ಸರಿ ಮಾಡಿ, ಪುತ್ತೂರಿನ ಯಾವುದಾದ್ರೂ ವಾಚ್ ಅಂಗಡಿಯಲ್ಲಿ ಸಿಆರ್2032 ಬ್ಯಾಟರಿ ತಗೊಂಡು ಹಾಕಿ.

ಹಾಸ್ಟೆಲ್, ಕ್ಯಾಂಪಸ್ ವೈಫೈಯಲ್ಲಿ ಪ್ರಶ್ನೆ ಚಿಹ್ನೆ ಬಂದ್ರೆ ಇನ್ನೊಂದು ಕಾರಣ ಇರಬಹುದು: ಲಾಗಿನ್ ಪೇಜ್ ತುಂಬಲಿಲ್ಲ. ಬ್ರೌಸರಿನಲ್ಲಿ ರೂಟರಿನ ಐಪಿ ಅಥವಾ ಎಸ್ ಇಲ್ಲದ ಎಚ್‌ಟಿಟಿಪಿ ವಿಳಾಸ ಕೊಟ್ರೆ ಆ ಪೇಜ್ ಹೆಚ್ಚಾಗಿ ಬರುತ್ತೆ.

ಇಷ್ಟೆಲ್ಲ ಆಗಿಯೂ ಗೊತ್ತಾಗದಿದ್ರೆ ಡೈರಿ ತೆರೆಯಿರಿ: "ಜರ್ನಲ್‌ಸಿಟಿಎಲ್, ಹೈಫನ್ ಯು, ನೆಟ್‌ವರ್ಕ್‌ಮ್ಯಾನೇಜರ್, ಹೈಫನ್ ಬಿ". ಇಲ್ಲಿಯೂ ಎನ್ ಮತ್ತು ಎಂ ದೊಡ್ಡದು. ಈ ಸಲ ಬೂಟ್ ಆದ ಮೇಲೆ ಆದದ್ದೆಲ್ಲ ಅದರಲ್ಲಿ ಉಂಟು. ಯಾರ ಹತ್ರವಾದ್ರೂ ಸಹಾಯ ಕೇಳುವಾಗ ಅದರ ಕೊನೆಯ 20 ಸಾಲು ಕಳಿಸಿ. ಕಳಿಸುವ ಮೊದಲು ವೈಫೈ ಹೆಸರು ಅಳಿಸಿ. ಯಾಮಲ್ ಫೈಲ್ ಕಳಿಸುವುದಾದ್ರೆ ಪಾಸ್‌ವರ್ಡ್ ಸಾಲು ತೆಗೆದೇ ಕಳಿಸಿ.

ಸ್ವಲ್ಪ ಅಭ್ಯಾಸ

ಕೆಳಗಿನ ಪ್ರಶ್ನೆಗಳಿಗೆ ಮೊದಲು ನೀವೇ ಉತ್ತರ ಯೋಚಿಸಿ, ಆಮೇಲೆ ಕೆಳಗೆ ನೋಡಿ.

1. "ಐಪಿ ರೂಟ್" ಕೊಟ್ಟಾಗ ಎರಡು ಡಿಫಾಲ್ಟ್ ಸಾಲು ಬಂತು. ಒಂದರ ಮೆಟ್ರಿಕ್ 20100, ಇನ್ನೊಂದರದ್ದು 600. ಈಗ ಪೇಜ್ ತೆರೆದ್ರೆ ಖರ್ಚಾಗುವುದು ಯಾವ ಡಾಟಾ?

2. ಗೆಳೆಯ ಫೋನ್ ಮಾಡಿ "ಪರ್ಮಿಷನ್ಸ್ ಟೂ ಓಪನ್ ಅಂತ ಬಂತು, 777 ಕೊಟ್ಟೆ, ಮತ್ತೂ ಬರ್ತಾ ಉಂಟು" ಅಂತಾನೆ. ಎಂತ ಹೇಳ್ತೀರಿ?

3. 8.8.8.8ಕ್ಕೆ ಪಿಂಗ್ ಹೋಗುತ್ತೆ, ಕಾಲೇಜಿನ ವೆಬ್‌ಸೈಟ್ ಹೆಸರಿಗೆ ಹೋಗುವುದಿಲ್ಲ. ಯಾವ ಮೆಟ್ಟಿಲು?

4. "ನೆಟ್‌ಪ್ಲಾನ್ ಟ್ರೈ" ಕೊಟ್ಟ ಮೇಲೆ ಸ್ಕ್ರೀನ್ ನೋಡ್ತಾ ನೋಡ್ತಾ ಕರೆಂಟ್ ಹೋಯ್ತು. ಫೈಲಿನಲ್ಲಿ ಹೊಸ ಸಾಲೇ ಇರುತ್ತಾ?

ಉತ್ತರಗಳು. ಒಂದನೆಯದಕ್ಕೆ ಮೊಬೈಲಿನ ಡಾಟಾ, ಯಾಕಂದ್ರೆ 600 ಕಡಿಮೆ. ದೊಡ್ಡ ಅಪ್‌ಡೇಟ್ ಓಡ್ತಾ ಇದ್ರೆ ಈಗಲೇ ನಿಲ್ಲಿಸಿ. ಎರಡನೆಯದಕ್ಕೆ 600 ಕೊಡಲಿಕ್ಕೆ ಹೇಳಿ. ಫೈಲಿನಲ್ಲಿ ವೈಫೈ ಪಾಸ್‌ವರ್ಡ್ ಇದ್ದು ಆ ಕಂಪ್ಯೂಟರನ್ನ ಬೇರೆಯವರೂ ಬಳಸುವುದಾದ್ರೆ ಪಾಸ್‌ವರ್ಡನ್ನೂ ಬದಲಿಸಲಿಕ್ಕೆ ಹೇಳಿ. ಮೂರನೆಯದಕ್ಕೆ 6ನೇ ಮೆಟ್ಟಿಲು, ಡಿಎನ್‌ಎಸ್. ನಾಲ್ಕನೆಯದಕ್ಕೆ, ಫೈಲ್ ತಿದ್ದಿದ್ದು ನೀವು, ಅದು ಡಿಸ್ಕಿನಲ್ಲೇ ಉಂಟು. ವಾಪಸ್ ಹೋಗುವ ಕೆಲಸ ಆ 120 ಸೆಕೆಂಡ್ ಮುಗಿದಾಗ ಆಗಬೇಕಿತ್ತು, ಕರೆಂಟ್ ಅದಕ್ಕೆ ಬಿಡಲಿಲ್ಲ. ಹಾಗಾಗಿ ಮುಂದಿನ ಬೂಟಿನಲ್ಲಿ ಹೊಸ ಸಾಲೇ ಜಾರಿಗೆ ಬರುತ್ತೆ. ಹೋಮ್ ಫೋಲ್ಡರಿನಲ್ಲಿ ಕಾಪಿ ಇಡಿ ಅಂತ ಹೇಳಿದ್ದು ಇದಕ್ಕೇ.

ಕೊನೆಗೆ ಒಂದು ಮಾತು. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು "ವಿಜ್ಞಾನ ಪ್ರಪಂಚ"ದ ಸಂಪುಟಗಳನ್ನ ಕನ್ನಡದಲ್ಲಿ ಬರೆದರು. ನಾವು ಅಷ್ಟು ದೊಡ್ಡ ಕೆಲಸಕ್ಕೆ ಹೊರಟಿಲ್ಲ. ಆದ್ರೆ ಈ ಏಳು ಮೆಟ್ಟಿಲನ್ನ ಒಂದು ಹಾಳೆಯಲ್ಲಿ ಬರೆದು ಮನೆಯ ಕಂಪ್ಯೂಟರಿನ ಪಕ್ಕ ಅಂಟಿಸಬಹುದು. ನಾವು ಹಾಸ್ಟೆಲಿನಲ್ಲಿ ಇರುವಾಗ ಮನೆಯಲ್ಲಿ ತಮ್ಮನೋ ತಂಗಿಯೋ ಫೋನ್ ಮಾಡಿ "ಅಣ್ಣ, ನೆಟ್ ಬರ್ತಾ ಇಲ್ಲ" ಅಂದಾಗ "ಎಷ್ಟನೇ ಮೆಟ್ಟಿಲಲ್ಲಿ ನಿಂತಿತು?" ಅಂತ ಕೇಳಿದ್ರೆ ಸಾಕು. ಮುಂದಿನ ಸಂಚಿಕೆಯಲ್ಲಿ ವೈಫೈ ಕಾರ್ಡಿನ ಫರ್ಮ್‌ವೇರ್ ಬಗ್ಗೆ ನೋಡುವ. ನಿಮಗೆ ಬಂದ ವಾರ್ನಿಂಗ್ ಇಲ್ಲಿ ಇಲ್ಲದಿದ್ರೆ ಪೂರ್ತಿ ಸಾಲನ್ನ ಬರೆದು ಕನ್ನಡ ಸಂಘದ ಬಾಕ್ಸಿಗೆ ಹಾಕಿ. ಅರ್ಧ ಸಾಲು ಬೇಡ, ಪೂರ್ತಿ ಬೇಕು.